ಜೋಡುನಳಿಗೆ ಕೈಗೆತ್ತಿಕೊಳ್ಳುವ ಮುನ್ನ

‘ಬಾರ ಇಲ್ರೀ, ಖಾಲಿ ಐತಿ. ನಮ್ಮ ಅಜ್ಜನ ಕಾಲದಾಗ ಯಾವಾಗೋ ಹೊಡದದ್ದು.’

ಹುನಗುಂದ ಸೀಮೆಯ ಹಳ್ಳಿಗಳಲ್ಲಿ, ಬಾದಾಮಿ ಸುತ್ತಲಿನ ಹಳೆಯ ವಾಡೆಗಳಲ್ಲಿ ಗೋಣಿಚೀಲ ಸುತ್ತಿಟ್ಟ ಜೋಡುನಳಿಗೆ ಬಂದೂಕನ್ನು ಅಟ್ಟದಿಂದ ಇಳಿಸುವಾಗ ಮನೆಯವರು ಹೇಳುವ ಮಾತು ಸಾಮಾನ್ಯವಾಗಿ ಇದೇ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ನಳಿಗೆಯೊಳಗೆ ಏನಿದೆ ಎಂದು ಅವರೂ ನೋಡಿರುವುದಿಲ್ಲ. ಕರಿಮದ್ದು ತೇವ ತಾಗದ ಜಾಗದಲ್ಲಿ ಕೆಡುವ ವಸ್ತುವೇ ಅಲ್ಲ. ನಳಿಗೆಯ ಬುಡದಲ್ಲಿ ಬಿಗಿಯಾಗಿ ಕೂತ ಮದ್ದು ಐವತ್ತು ವರ್ಷವಲ್ಲ, ನೂರು ವರ್ಷ ಕಳೆದರೂ ಕಿಡಿ ಕಂಡರೆ ಉರಿಯುತ್ತದೆ. ಬಾಯಿಯಿಂದ ಬಾರು ತುಂಬುವ ಬಂದೂಕನ್ನು ಕಾರ್ಟ್ರಿಜ್ ಬಂದೂಕಿನ ಹಾಗೆ ಮುರಿದು ಒಳಗೆ ಇಣುಕಲು ಬರುವುದಿಲ್ಲ. ಆದ್ದರಿಂದ ಕರಿಮದ್ದಿನ ಜೋಡುನಳಿಗೆಯ ಮೊದಲ ಪಾಠ ಗುಂಡು ಹೊಡೆಯುವುದಲ್ಲ. ಒಳಗೆ ಬಾರು ಇದೆಯೋ ಇಲ್ಲವೋ ಎಂದು ಅಳೆದು ತಿಳಿಯುವುದು.

ಅದಕ್ಕೆ ಬೇಕಾದ ಸಾಧನ ಬಂದೂಕಿನಲ್ಲೇ ಇದೆ, ನಳಿಗೆಗಳ ಕೆಳಗೆ ಸಿಕ್ಕಿಸಿಟ್ಟ ಗಜ. ಬಂದೂಕಿನ ಬಾಯಿ ಯಾರ ಕಡೆಗೂ ತಿರುಗದ ಹಾಗೆ, ತನ್ನ ಮುಖಕ್ಕೂ ಎದುರಾಗದ ಹಾಗೆ ಹಿಡಿದು, ಗಜವನ್ನು ಬಲ ನಳಿಗೆಯೊಳಗೆ ಮೆಲ್ಲಗೆ ಇಳಿಬಿಡಬೇಕು. ಅದು ತಳ ಮುಟ್ಟಿದಾಗ ಬಾಯಿಯ ಅಂಚಿಗೆ ಸರಿಯಾಗಿ ಸುಣ್ಣದ ಗೆರೆ ಎಳೆಯಬೇಕು. ಗಜವನ್ನು ಹೊರತೆಗೆದು, ಗೆರೆಯನ್ನು ಬಾಯಿಯ ಅಂಚಿಗೇ ಹೊಂದಿಸಿ, ನಳಿಗೆಯ ಹೊರಮೈಗೆ ಒತ್ತಿ ನೋಡಬೇಕು. ಗಜದ ತುದಿ, ಕಿಡಿ ಕೊಡುವ ಕೇಪು ಕೂರುವ ಕೊಳವೆಯ ಹತ್ತಿರದವರೆಗೆ ಬಂದರೆ ನಳಿಗೆ ಖಾಲಿ. ಎರಡು ಮೂರು ಬೆರಳಿನಷ್ಟು ಮೇಲೆಯೇ ನಿಂತರೆ ಒಳಗೆ ಏನೋ ಇದೆ ಎಂದೇ ತಿಳಿಯಬೇಕು. ಎಡ ನಳಿಗೆಗೂ ಇದೇ ಪರೀಕ್ಷೆಯನ್ನು ಬೇರೆಯಾಗಿ ಮಾಡಬೇಕು, ಒಂದು ಖಾಲಿ ಇದ್ದಮಾತ್ರಕ್ಕೆ ಇನ್ನೊಂದೂ ಖಾಲಿ ಎಂದು ಬಗೆಯುವ ಹಾಗಿಲ್ಲ. ಬಾರು ಇದ್ದರೆ ಅದನ್ನು ತಂತಿ ಹಾಕಿ ಕೆದಕುವ, ಹೊಡೆದು ಖಾಲಿ ಮಾಡುವ ಸಾಹಸಕ್ಕೆ ಯಾರೂ ಹೋಗಬಾರದು. ಕೇಪಿಗೆ ಬಡಿಯುವ ಸುತ್ತಿಗೆ, ಅಂದರೆ ಕುದುರೆ, ಕೇಪಿನ ಮೇಲೆ ಎತ್ತಿ ನಿಂತಿದ್ದರಂತೂ ಮುಟ್ಟದೆ, ಮಕ್ಕಳನ್ನು ದೂರ ಇಟ್ಟು ಠಾಣೆಗೆ ಫೋನ್ ಮಾಡಬೇಕು.

ಈಗ ಮದ್ದಿನ ಮಾತು. ಪೆಟ್ಲುಪ್ಪು, ಇದ್ದಲಿ, ಗಂಧಕ ಈ ಮೂರೇ ಕರಿಮದ್ದಿನ ಮೂಲ. ಇದ್ದಲಿ ಉರುವಲು, ಪೆಟ್ಲುಪ್ಪು ಅದಕ್ಕೆ ಆಮ್ಲಜನಕ ಒದಗಿಸುತ್ತದೆ, ಗಂಧಕ ಬೇಗ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಗಾಳಿಯ ಹಂಗಿಲ್ಲದೆ ಉರಿಯುವುದು ಇದರ ಗುಣ. ಡೈನಮೈಟಿನ ಹಾಗೆ ಇದು ಒಮ್ಮೆಲೇ ಛಿದ್ರ ಮಾಡುವುದಿಲ್ಲ, ಉರಿದು, ಹೊಗೆಯಾಗಿ ಉಬ್ಬಿ, ಎದುರಿಗಿದ್ದದ್ದನ್ನು ನೂಕುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳ ಕೆಲಸ ಬಲ್ಲವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಅಲಂಕಾರದ ಕಲ್ಲನ್ನು ಒಡೆದು ಚೂರು ಮಾಡಿದರೆ ಅದಕ್ಕೆ ಬೆಲೆಯಿಲ್ಲ, ಬಿರುಕು ಒಳಗೆ ಹರಿಯದ ಹಾಗೆ ದಿಮ್ಮಿಯಾಗಿ ಬಿಡಿಸಬೇಕು. ವಜ್ರದ ತಂತಿಗರಗಸ ಬರುವ ಮುಂಚೆ ಜಗತ್ತಿನ ಎಷ್ಟೋ ಕಡೆ ಇಂಥ ಕಲ್ಲಿನ ಕಣಿಗಳಲ್ಲಿ ಸಾಲು ತೂತು ಕೊರೆದು ಕರಿಮದ್ದನ್ನೇ ಹಾಕುತ್ತಿದ್ದದ್ದು ಅದರ ಈ ನೂಕುವ ಗುಣಕ್ಕಾಗಿ.

ಬಂದೂಕಿನಲ್ಲೂ ಅದೇ ನಡೆಯುತ್ತದೆ. ಹಳೆಯ ಜೋಡುನಳಿಗೆಗಳ ನಳಿಗೆ ಅನೇಕ ಸಲ ಒಂದೇ ಉಕ್ಕಿನ ತುಂಡಿನಿಂದ ಕೊರೆದದ್ದಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸರಳಿನ ಸುತ್ತ ಸುರುಳಿ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ಮೈಮೇಲೆ ಹಾವಿನ ಪೊರೆಯ ಹಾಗೆ ಗೆರೆಗಳು ಕಾಣಿಸುವ ಡಮಾಸ್ಕಸ್ ನಳಿಗೆ ಅಂದರೆ ಅದೇ. ಕರಿಮದ್ದಿನ ಒತ್ತಡಕ್ಕೆ ಅದು ತಾಳುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಕಂಡುಹಿಡಿದ ಹೊಗೆಯಿಲ್ಲದ ಮದ್ದು ಬಂದ ಮೇಲೆ ಲೆಕ್ಕವೇ ಬದಲಾಯಿತು. ಅದೇ ಅಳತೆಗೆ ಅದರ ಒತ್ತಡ ಹಲವು ಪಟ್ಟು. ಇಂದಿನ ಕಾರ್ಟ್ರಿಜ್ ಒಡೆದು ಅದರೊಳಗಿನ ಮದ್ದನ್ನು ಹಳೆಯ ನಳಿಗೆಗೆ ಸುರಿಯುವವರ ಕೈಯಲ್ಲಿ ಬಂದೂಕು ಸೀಳಿಹೋಗುತ್ತದೆ, ಬೆರಳು ಹೋಗುತ್ತವೆ, ಕಣ್ಣು ಹೋಗುತ್ತವೆ. ಕಾರ್ಟ್ರಿಜ್ ಹಾಕುವ ಹಳೆಯ ಜೋಡುನಳಿಗೆಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ನಳಿಗೆಯ ಅಡಿಭಾಗದಲ್ಲಿ ನೈಟ್ರೋ ಪ್ರೂಫ್ ಮುದ್ರೆ ಇಲ್ಲದಿದ್ದರೆ ಅದು ಕರಿಮದ್ದಿಗಷ್ಟೇ ಪರೀಕ್ಷೆಯಾದ ನಳಿಗೆ ಎಂದು ತಿಳಿಯಬೇಕು. ಲಂಡನ್ನಿನಲ್ಲಿ 1637ರಿಂದ, ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದ ನಳಿಗೆಗಳಿಗೆ ಹೆಚ್ಚಿನ ಮದ್ದು ತುಂಬಿ ಸುಟ್ಟು ಪರೀಕ್ಷಿಸಿ ಮುದ್ರೆ ಒತ್ತುವ ಪದ್ಧತಿ ಇದೆ. ಮುದ್ರೆ ಓದಲು ಬಾರದಿದ್ದರೆ ಬಲ್ಲ ಡೀಲರ್‌ಗೆ ತೋರಿಸುವುದು ಕ್ಷೇಮ. ಇನ್ನು ನೀರಿನ ಪೈಪು ಕತ್ತರಿಸಿ ಮಾಡಿಸಿದ ನಾಡಬಂದೂಕಿನ ವಿಷಯದಲ್ಲಿ ಓದಲು ಏನೂ ಇಲ್ಲ. ಅದು ಕಾನೂನಿನಲ್ಲಿ ಅಪರಾಧ, ಹಿಡಿದವನ ಕೈಯಲ್ಲಿ ಅಪಾಯ.

ಕಿಡಿ ಕೊಡುವ ಬಗೆ ಮೂರು ಕಾಲದಲ್ಲಿ ಮೂರು ರೀತಿ ಇತ್ತು: ಉರಿಯುವ ಬತ್ತಿ, ಚಕಮಕಿ ಕಲ್ಲು, ಕೊನೆಗೆ ಕೇಪು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ ಉಪಾಯ ಮುಂದೆ ತಾಮ್ರದ ಪುಟ್ಟ ಟೋಪಿಯ ರೂಪ ತಾಳಿತು. ನಮ್ಮಲ್ಲಿ ಇಂದು ಸಿಗುವ ಬಾಯಿಮದ್ದಿನ ಜೋಡುನಳಿಗೆಗಳು ಹೆಚ್ಚಾಗಿ ಈ ಕೇಪಿನವೇ. ಎರಡು ನಳಿಗೆ, ಎರಡು ಕುದುರೆ, ಎರಡು ಟ್ರಿಗರ್. ಸಾಮಾನ್ಯವಾಗಿ ಮುಂದಿನ ಟ್ರಿಗರ್ ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ಬೋರಿನ ಸಂಖ್ಯೆ ಕಂಡು ಹೊಸಬರು ಗೊಂದಲಪಡುವುದುಂಟು. ಒಂದು ಪೌಂಡ್ ಸೀಸದಲ್ಲಿ 12 ಸಮನಾದ ಉಂಡೆ ಮಾಡಿದರೆ ಒಂದೊಂದರ ಅಗಲ ಎಷ್ಟೋ ಅಷ್ಟೇ 12 ಬೋರ್ ನಳಿಗೆಯ ಒಳ ಅಗಲ, ಸುಮಾರು 18.5 ಮಿಲಿಮೀಟರ್.

ಬಾರು ತುಂಬುವುದೇ ಈ ವಿದ್ಯೆಯ ತಿರುಳು, ಇಲ್ಲಿ ಅವಸರ ಕೂಡದು. ನಳಿಗೆಯಲ್ಲಿ ಎಣ್ಣೆ ಉಳಿದಿದ್ದರೆ ಮದ್ದು ತೊಯ್ಯುತ್ತದೆ, ಆದ್ದರಿಂದ ಮೊದಲು ಒಣಬಟ್ಟೆ ಓಡಿಸಿ, ಖಾಲಿ ನಳಿಗೆಗಳ ಮೇಲೆ ಒಂದೊಂದು ಕೇಪು ಹೊಡೆದು ದಾರಿ ಸ್ವಚ್ಛ ಮಾಡಿಕೊಳ್ಳುತ್ತಾರೆ. ಮದ್ದನ್ನು ಯಾವತ್ತೂ ಅದನ್ನು ತುಂಬಿಟ್ಟ ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಬಾರಿನ ಕೆಂಡದ ಚೂರು ಬುಡದಲ್ಲಿ ಉಳಿದಿದ್ದರೆ ಬೆಂಕಿ ಮೇಲಕ್ಕೆ ಹತ್ತಿ ಕೈಯಲ್ಲಿನ ಬುರುಡೆಯೇ ಸಿಡಿದೀತು. ಬೇರೆ ಅಳತೆಯ ಬಟ್ಟಲಿಗೆ ಹಾಕಿಕೊಂಡು, ಬುರುಡೆಯ ಬಾಯಿ ಮುಚ್ಚಿ ದೂರವಿಟ್ಟು, ಆಮೇಲೆ ಬಟ್ಟಲಿನಿಂದ ಸುರಿಯಬೇಕು. ಅದರ ಮೇಲೆ ಗಟ್ಟಿ ರಟ್ಟಿನ ಬಿಲ್ಲೆ, ಅದರ ಮೇಲೆ ಮೆತ್ತನೆಯ ದಪ್ಪ ಬಿಲ್ಲೆ. ಗಜದಿಂದ ತಳಕ್ಕೆ ಮುಟ್ಟುವವರೆಗೆ ಒತ್ತಬೇಕು. ಮದ್ದಿಗೂ ಬಿಲ್ಲೆಗೂ ನಡುವೆ ಪೊಳ್ಳು ಉಳಿದರೆ ಆ ಜಾಗದಲ್ಲಿ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಆಮೇಲೆ ಚರೆ, ಚರೆಯ ಮೇಲೆ ತೆಳುವಾದ ರಟ್ಟು. ಗಜ ಒತ್ತುವಾಗ ಅಂಗೈಯನ್ನು ಅದರ ತುದಿಯ ಮೇಲೆ ಇಡದೆ ಬೆರಳುಗಳಲ್ಲಿ ಹಿಡಿಯುವುದು, ಮುಖವನ್ನು ಬದಿಗೆ ಇಟ್ಟುಕೊಳ್ಳುವುದು ಅಭ್ಯಾಸವಾಗಬೇಕು. ಕೇಪು ಎಲ್ಲಕ್ಕಿಂತ ಕೊನೆಗೆ, ಗುರಿಯ ಕಡೆಗೆ ಮುಖ ಮಾಡಿ ನಿಂತ ಮೇಲೆ.

ಎಷ್ಟು ಮದ್ದು? ಅಳತೆಯ ಬಟ್ಟಲಲ್ಲಿ ಮದ್ದೂ ಚರೆಯೂ ಸಮ ಎಂಬುದು ಹಳೆಯ ಬೇಟೆಗಾರರ ಲೆಕ್ಕ. 12 ಬೋರಿಗೆ ವಾಡಿಕೆಯ ಪ್ರಮಾಣ 3 ಡ್ರಾಂ ಮದ್ದು, ಅಂದರೆ 5.3 ಗ್ರಾಂ, ಜೊತೆಗೆ 1⅛ ಔನ್ಸ್ ಚರೆ, ಅಂದರೆ ಸುಮಾರು 32 ಗ್ರಾಂ. ಇದು ಗಟ್ಟಿಮುಟ್ಟಾದ, ಪರೀಕ್ಷೆಯಾದ ಬಂದೂಕಿನ ಮಾತು. ತಯಾರಕರು ಬರೆದುಕೊಟ್ಟ ಮಿತಿ ಇದ್ದರೆ ಅದೇ ಅಂತಿಮ, ಹೊಸಬರು ಅದಕ್ಕಿಂತಲೂ ಕಡಿಮೆಯಿಂದ ಆರಂಭಿಸಬೇಕು. ಮದ್ದು ಜಾಸ್ತಿ ಹಾಕಿದರೆ ಹೊಡೆತ ಜೋರಾಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ನಿಜವಾಗಿ ಆಗುವುದು ಬೇರೆ: ಚರೆ ಚೆದುರಿ ನಡುವೆ ಖಾಲಿ ಉಂಗುರವಾಗುತ್ತದೆ, ಭುಜ ನೋಯುತ್ತದೆ, ಗುರಿ ತಪ್ಪುತ್ತದೆ.

ಒಂಟಿ ನಳಿಗೆಯಲ್ಲಿ ಇಲ್ಲದ ಅಪಾಯಗಳು ಜೋಡಿಯಲ್ಲಿವೆ. ಬಲ ನಳಿಗೆ ಹೊಡೆದಾಯಿತು, ಎಡದಲ್ಲಿ ಬಾರು ಹಾಗೆಯೇ ಇದೆ, ಬಲಕ್ಕೆ ಮತ್ತೆ ತುಂಬಬೇಕು ಎಂದುಕೊಳ್ಳಿ. ಎಡಗಡೆಯ ಕೇಪು ತೆಗೆಯದೆ ಬಾಯಿಯ ಮೇಲೆ ಬಗ್ಗಿದರೆ ಸಾವಿನ ಮೇಲೆ ಬಗ್ಗಿದ ಹಾಗೆಯೇ. ಕೇಪು ತೆಗೆದ ಮೇಲೂ ಕೆಲಸ ಮುಗಿಯಲಿಲ್ಲ. ಬಲ ನಳಿಗೆಯ ಒದೆತಕ್ಕೆ ಎಡ ನಳಿಗೆಯೊಳಗಿನ ಚರೆ ಮತ್ತು ರಟ್ಟು ಜಾರಿ ಮುಂದಕ್ಕೆ ಬಂದಿರಬಹುದು. ಗಜ ಹಾಕಿ ಮತ್ತೆ ಒತ್ತಿ ಕೂರಿಸಬೇಕು. ಎರಡನೆಯ ಅಪಾಯ ಮರೆವಿನದು. ಮಾತಿನ ಭರದಲ್ಲಿ ಖಾಲಿಯಾದ ನಳಿಗೆ ಬಿಟ್ಟು, ತುಂಬಿದ್ದಕ್ಕೇ ಇನ್ನೊಂದು ಬಾರು ಸುರಿಯುವುದು ನುರಿತವರಿಗೂ ಆಗುವಂಥದ್ದು. ತುಂಬಿದ ನಳಿಗೆಯ ಬಾಯಿಗೆ ಗಜವನ್ನೋ ಬಟ್ಟೆಯ ಮುಚ್ಚಳವನ್ನೋ ಸಿಕ್ಕಿಸಿಟ್ಟು ಆಚೆಯದಕ್ಕೆ ತುಂಬುವುದು ಒಳ್ಳೆಯ ರೂಢಿ. ಬಾರು ತುಂಬುವವನ ಹತ್ತಿರ ನಿಂತು ಹರಟೆ ಹೊಡೆಯಬಾರದು ಎಂಬ ಕಟ್ಟುನಿಟ್ಟು ಇದ್ದದ್ದೂ ಇದಕ್ಕೇ. ಕುದುರೆ ಬಿದ್ದು ಕೇಪು ಸಿಡಿದರೂ ಬಂದೂಕು ಹಾರದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ಒಳಗೆ ಕಿಡಿ ಹೊಗೆಯಾಡುತ್ತ ತಡವಾಗಿ ಹೊತ್ತಿಕೊಳ್ಳುವುದು ಕರಿಮದ್ದಿನಲ್ಲಿ ಅಪರೂಪವಲ್ಲ.

ಹೊಡೆದ ದಿನವೇ ತೊಳೆಯಬೇಕು. ಕರಿಮದ್ದಿನ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ, ಉಪ್ಪಾಗಿ ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವ ಹೀರಿ ರಾತ್ರಿ ಕಳೆಯುವುದರೊಳಗೆ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಎಣ್ಣೆಯಿಂದ ಒರೆಸಿದರೆ ಉಪ್ಪು ಕರಗುವುದಿಲ್ಲ, ಅದಕ್ಕೆ ನೀರೇ ಬೇಕು. ನಳಿಗೆಗಳನ್ನು ಕಟ್ಟಿಗೆಯಿಂದ ಬಿಡಿಸಿ, ಬುಡವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟು, ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಆಡಿಸಿದರೆ ಕೇಪಿನ ಕೊಳವೆಯ ಮೂಲಕ ನೀರು ಸೇದಿ ಮೊದಲು ಕರ್ರಗೆ, ಆಮೇಲೆ ಬೂದಿ ಬಣ್ಣಕ್ಕೆ, ಕೊನೆಗೆ ತಿಳಿಯಾಗಿ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಗಂಧಕದ್ದು. ಬಿಸಿನೀರಿಗೆ ಲೋಹ ಕಾದಿರುವುದರಿಂದ ಬೇಗ ಒಣಗುತ್ತದೆ, ಆಮೇಲೆ ತೆಳುವಾಗಿ ಎಣ್ಣೆ ಸವರಬೇಕು. ನಳಿಗೆ ಹಾಳಾದ ಹಳೆಯ ಬಂದೂಕುಗಳಲ್ಲಿ ಹೆಚ್ಚಿನವು ಹೊಡೆದು ಸವೆದದ್ದಕ್ಕಿಂತ ತೊಳೆಯದೆ ಇಟ್ಟು ಕೆಟ್ಟವು.

ಇಷ್ಟೆಲ್ಲ ಕಲಿತು ಮಾಡುವುದೇನು ಎಂದು ಕೇಳುವವರಿದ್ದಾರೆ. ಬೇಟೆಗೆ ಅಲ್ಲ, ಅದು ಸ್ಪಷ್ಟವಾಗಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಅಧ್ಯಾಯ ಮುಗಿದಿದೆ. ಮುಧೋಳ–ಬೀಳಗಿ ನಡುವೆ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿಯೇ ಅಭಯಾರಣ್ಯ ಇರುವ ಬಾಗಲಕೋಟೆ ಜಿಲ್ಲೆ ನಮ್ಮದು. ಉಳಿದದ್ದು ಬೆಳೆ ಕಾಯುವುದು ಮತ್ತು ಗುರಿಯ ಆಟ. ಬೆಳೆ ಕಾಯುವ ಲೈಸೆನ್ಸಿಗೂ ಪ್ರಾಣಿ ಕೊಲ್ಲುವ ಪರವಾನಗಿಗೂ ಸಂಬಂಧವಿಲ್ಲ. ಹಂದಿಯ ಹಿಂಡನ್ನು ಸದ್ದಿನಿಂದ ಓಡಿಸಲು ಚರೆ ಇಲ್ಲದ ಬಾರು ಸಾಕು. ಗುರಿಯ ಆಟದಲ್ಲಿ ಕರಿಮದ್ದಿಗೆ ಇವತ್ತಿಗೂ ಗೌರವದ ಜಾಗವಿದೆ. ಬಾಯಿಮದ್ದಿನ ಬಂದೂಕುಗಳ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹಾರುವ ಮಣ್ಣಿನ ಬಿಲ್ಲೆಗಳನ್ನು ಚಕಮಕಿ ಬಂದೂಕಿನಲ್ಲಿ ಹೊಡೆಯುವ ಪಂದ್ಯಕ್ಕೆ ಮ್ಯಾಂಟನ್ ಎಂದೂ, ಕೇಪಿನ ಬಂದೂಕಿನ ಪಂದ್ಯಕ್ಕೆ ಲೊರೆಂಜೋನಿ ಎಂದೂ ಹೆಸರು.

ಇನ್ನು ಲೈಸೆನ್ಸ್. ಈ ನೆಲದಲ್ಲಿ ಬಂದೂಕಿನ ಲೈಸೆನ್ಸ್ ಎಂಬ ಮಾತಿಗೆ ರಕ್ತದ ನೆನಪಿದೆ. 1857ರ ದಂಗೆ ಉತ್ತರದಲ್ಲಿ ಉರಿಯುತ್ತಿದ್ದಾಗ ಕಂಪನಿ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಹತಾರ ಇದ್ದವರು ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಹತಾರವೇ ಅವರ ಬದುಕು, ಮಾನ, ಕಸುಬು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಂನ ಕುದುರೆ ದಂಡು ಊರನ್ನು ಮುತ್ತಿತು, ಊರಿಗೆ ಬೆಂಕಿ ಬಿತ್ತು, ನೂರರಷ್ಟು ಜನ ಸತ್ತರು. ಸೆರೆಸಿಕ್ಕವರಲ್ಲಿ 13 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 6 ಮಂದಿಯನ್ನು 14ರಂದು ಹಲಗಲಿಯಲ್ಲೇ ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮರ ಹೆಸರು ಲಾವಣಿಯಲ್ಲಿ ಉಳಿದಿದೆ. ಅದನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ, ಶಾಲೆಯ ಮಕ್ಕಳೂ ಅದನ್ನು ಓದಿದ್ದಾರೆ. ಮರುವರ್ಷ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಎದ್ದು ನಿಂತದ್ದರ ಹಿಂದೆಯೂ ಇದೇ ಕಾಯ್ದೆಯ ಸಿಟ್ಟಿತ್ತು.

ಅದೇ ಬಗೆಯ ಕಾಯ್ದೆ ಕೊಡಗಿನಲ್ಲಿ ಬೇರೆ ಮುಖ ತೋರಿಸಿತು. ದಂಗೆಯ ಕಾಲದಲ್ಲಿ ನಿಷ್ಠರಾಗಿದ್ದರೆಂದು ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ ಕೊಡಗಿನವರನ್ನು ಅದರಿಂದ ಹೊರಗಿಟ್ಟ. ರೂಪ ಬದಲಿಸುತ್ತ ಬಂದ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಏರಿಸಿ ಪೂಜಿಸುತ್ತಾರೆ. ಒಂದೇ ಬಗೆಯ ಕಾಯ್ದೆ ಒಂದು ಸೀಮೆಗೆ ಗಲ್ಲು, ಇನ್ನೊಂದಕ್ಕೆ ಗೌರವ ಕೊಟ್ಟಿತು. ಯಾರು ಅಪಾಯ, ಯಾರು ಆಪ್ತರು ಎಂದು ಆಳುವವರು ಹಾಕಿದ ಲೆಕ್ಕ ಅದು.

ಹಲಗಲಿಯ ಹೆಸರು ಹೇಳಿ ಇಂದು ಲೈಸೆನ್ಸ್ ಇಲ್ಲದೆ ಬಂದೂಕು ಬಚ್ಚಿಡುವವರನ್ನು ನಾನು ಒಪ್ಪಲಾರೆ. ಹಲಗಲಿಯವರು ಸತ್ತದ್ದು ಪರರ ಸರಕಾರ ಕೇಳದೆ ಕಸಿಯಲು ಬಂದಾಗ. ಇಂದಿನ 1959ರ ಆಯುಧ ಕಾಯ್ದೆ ನಮ್ಮದೇ ಸಂಸತ್ತು ಮಾಡಿದ್ದು, ರೈತನ ಬಾಯಿಮದ್ದಿನ ಬಂದೂಕನ್ನು ಹೆಸರು ಹಿಡಿದು ನೆನಪಿಟ್ಟ ಕಾಯ್ದೆ. ಅದರ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಇಂಥ ಬಂದೂಕಿನ ಲೈಸೆನ್ಸ್ ಕೊಡುವ ಮಾತು ಸ್ಪಷ್ಟವಾಗಿದೆ. ಅದು ಸಾಲದು ಎನಿಸಿದರೆ ಒಳಮೈ ನಯವಾದ ನಳಿಗೆಯ ಬೇರೆ ಬಂದೂಕಿಗೂ ಅವಕಾಶವಿದೆ. ಹಾಗಿದ್ದೂ ಹೊಲ ಕಾಯುವ ರೈತನ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುವುದು ಸರಿಯಲ್ಲ. ಕಾನೂನು ಕೊಟ್ಟದ್ದನ್ನು ಕಚೇರಿ ತಡೆಹಿಡಿದರೆ ಜನ ಕಳ್ಳದಾರಿ ಹಿಡಿಯುತ್ತಾರೆ.

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ನಮ್ಮವರಿಗೆ ಬಾಗಲಕೋಟೆಯ ನವನಗರದ ಕಚೇರಿ. ಪೊಲೀಸ್ ವರದಿ ಬೇಕು, 2016ರ ನಿಯಮಗಳ ಪ್ರಕಾರ ಆಯುಧ ಸುರಕ್ಷತೆಯ ತರಬೇತಿ ಪಡೆದಿರಬೇಕು. ಲೈಸೆನ್ಸಿನ ಪುಸ್ತಕದಲ್ಲಿ ಒಂಟಿ ನಳಿಗೆಯ ಬಾಯಿಮದ್ದಿನದು ಎಸ್‌ಬಿಎಂಎಲ್ ಎಂದೂ, ಜೋಡಿಯದು ಡಿಬಿಎಂಎಲ್ ಎಂದೂ ದಾಖಲಾಗುತ್ತದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಐದು ವರ್ಷಕ್ಕೆ, ಒಬ್ಬರಿಗೆ ಹೆಚ್ಚೆಂದರೆ ಎರಡು ಬಂದೂಕು. ಮದ್ದು, ಕೇಪು ಕೂಡ ಲೈಸೆನ್ಸಿನ ಲೆಕ್ಕಕ್ಕೇ ಬರುತ್ತವೆ, ಅಧಿಕೃತ ಡೀಲರ್ ಬಿಟ್ಟು ಬೇರೆಲ್ಲೂ ಕೊಳ್ಳಬಾರದು, ಮನೆಯಲ್ಲಿ ಕುಟ್ಟಿ ಮಾಡುವ ಯೋಚನೆಯೂ ಬೇಡ. ಮದುವೆಯ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಲು ಹೇಳಿದರೆ ಚೆನ್ನಾಗಿ ತೊಳೆದು, ಎಣ್ಣೆ ಸವರಿ, ಬಾರು ಇಲ್ಲವೆಂದು ಗಜ ಹಾಕಿ ತೋರಿಸಿ ಕೊಡಿ, ರಸೀದಿ ಪಡೆಯಿರಿ.

ಹಿರಿಯರ ಬಂದೂಕು ಇರುವ ಮನೆಗಳಿಗೆ ಹಾದಿ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ದಾಟಿದ್ದರೆ, ಅಥವಾ ಅವರು 25 ವರ್ಷ ಬಂದೂಕು ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೇಳಬಹುದು. ಅವರು ತೀರಿಕೊಂಡಿದ್ದರೆ ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಠೇವಣಿ ಇಟ್ಟು ವಾರಸಾ ಅರ್ಜಿ ಹಾಕಬೇಕು. ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟ, ಪುರಾತನ ಮಾದರಿಯ ಬಂದೂಕಿಗೆ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಅದು ಆ ವರ್ಗಕ್ಕೆ ಸೇರುತ್ತದೋ ಇಲ್ಲವೋ ಎಂದು ನಾವೇ ತೀರ್ಮಾನಿಸಿಕೊಳ್ಳದೆ ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಹೊಸದಾಗಿ ಕಲಿಯಬೇಕೆನ್ನುವ ಯುವಕರಿಗೆ, ಯುವತಿಯರಿಗೆ ನನ್ನ ಮನವಿ ಇಷ್ಟೇ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ನಿಮ್ಮಲ್ಲಿ ಯಾವಾಗ ಎಂದು ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ವಿಚಾರಿಸಿ, ಮೊದಲು ಅಲ್ಲಿ ಹೆಸರು ಹಚ್ಚಿ. ಪ್ರಮಾಣಪತ್ರ ಕೈಗೆ ಬಂದ ಮೇಲೆ ಅರ್ಜಿ ಹಾಕಿ, ಲೈಸೆನ್ಸ್ ಬಂದ ಮೇಲೆ ಬಲ್ಲವರನ್ನು ಕರೆದುಕೊಂಡು ಹೋಗಿ ಬಂದೂಕು ನೋಡಿ, ಮೊದಲ ಬಾರು ಅವರ ಎದುರಿಗೇ ತುಂಬಿ.